ಕೊಲಂಬಿಯಾ ರೆಡ್‌ಟೇಲ್, ಬ್ರೆಜಿಲ್ ರೆಡ್‌ಟೇಲ್: ವ್ಯತ್ಯಾಸ ಎಷ್ಟು ನಿಜ?

ಪ್ರಶ್ನೆ: ಮೇಡಂ, ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿನಲ್ಲಿ ಎರಡು ರೆಡ್‌ಟೇಲ್ ಕ್ಯಾಟ್‌ಫಿಷ್ ಸಾಕಿದ್ದೇನೆ. ಮೊದಲನೆಯದನ್ನು ಎರಡು ವರ್ಷದ ಹಿಂದೆ ಹುಬ್ಬಳ್ಳಿಯಿಂದ ತಂದೆ. ‘ಬ್ರೆಜಿಲ್’ ಅಂತ ಹೇಳಿ ಕೊಟ್ಟರು. ಈಗ ಎರಡಡಿಗೆ ಸ್ವಲ್ಪ ಕಡಿಮೆ ಇದೆ. ಎರಡನೆಯದು ‘ಕೊಲಂಬಿಯಾ’. ಕಳೆದ ವರ್ಷ ಆನ್‌ಲೈನ್‌ನಲ್ಲಿ ಮೂರು ಪಟ್ಟು ದುಡ್ಡು ಕೊಟ್ಟು ತರಿಸಿದ್ದು. ಇದರ ಮೂತಿ ಉದ್ದ, ಮೈಮೇಲೆ ಚುಕ್ಕೆ ಜಾಸ್ತಿ, ಬಾಲ ಕೆಂಪಿಗಿಂತ ಕಿತ್ತಳೆ. ಕೊಲಂಬಿಯಾದ್ದು ಎರಡೂವರೆ ಅಡಿ ದಾಟುವುದಿಲ್ಲ ಅಂತ ಮಾರಿದವರು ಹೇಳಿದ್ದರು. ಇವೆರಡೂ ಬೇರೆ ಜಾತಿಯಾ? ಟ್ಯಾಂಕ್ ನೀರಿನ ಪಿಎಚ್ 5.5, ಬಾವಿಯದ್ದು 6.8. ಅಮೆಜಾನ್ ನೀರು ಹುಳಿ ಅಂತ ಓದಿದ್ದೆ, ಹಾಗಾಗಿ ಸುಮ್ಮನಿದ್ದೆ. ಒಂದು ತಿಂಗಳಿಂದ ದೊಡ್ಡ ಮೀನು ಸರಿಯಾಗಿ ತಿನ್ನುತ್ತಿಲ್ಲ. ಅರ್ಧ ನೀರು ಬದಲಿಸಿದ ದಿನ ಒದ್ದಾಡುತ್ತದೆ. ನಮ್ಮ ಮನೆಯಲ್ಲಿ ಮೀನು, ಸಿಗಡಿ ತರುವ ಹಾಗಿಲ್ಲ, ಹಾಗಾಗಿ ಪೆಲೆಟ್ ಮಾತ್ರ ಹಾಕುತ್ತೇನೆ. ಅಪ್ಪಯ್ಯ ‘ತೋಟದ ಹೊಂಡಕ್ಕೆ ಬಿಡು, ಇಲ್ಲಾ ಶಾಲ್ಮಲೆಗೆ ಬಿಡು’ ಅನ್ನುತ್ತಾರೆ. ಏನು ಮಾಡಲಿ? ಇನ್ನೊಂದು, ಟ್ಯಾಂಕಿನ ನೀರನ್ನು ಅಡಿಕೆ ಮರಕ್ಕೆ ಹಾಕಬಹುದಾ?

ಉತ್ತರ:

ಪತ್ರದ ಜತೆ ಕಳಿಸಿದ ಫೋಟೊಗಳನ್ನೂ ನೋಡಿದೆ. ನೀವು ಹೆಚ್ಚು ಬರೆದಿರುವುದು ಬ್ರೆಜಿಲ್, ಕೊಲಂಬಿಯಾ ವಿಷಯ. ನನಗೆ ಚಿಂತೆ ತಂದದ್ದು ಮಾತ್ರ ನಡುವೆ ಒಂದೇ ಸಾಲಲ್ಲಿ ಬರೆದ ಪಿಎಚ್ ಲೆಕ್ಕ (ನೀರು ಎಷ್ಟು ಹುಳಿ ಅಂತ ತೋರಿಸುವ ಅಂಕೆ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ). ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಊರಿನ ಹೆಸರಿನ ಪ್ರಶ್ನೆ ಒಂದು ವಾರ ಕಾಯಬಹುದು, ನಿಮ್ಮ ಮೀನು ಕಾಯಲಾರದು.

ಇವತ್ತಿನಿಂದ ಆಹಾರ ನಿಲ್ಲಿಸಿ. ಇಷ್ಟು ದೊಡ್ಡ ಮೀನು ಒಂದು ವಾರ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಅಮೋನಿಯ ಪರೀಕ್ಷೆಯ ಕಿಟ್ ತರಿಸಿ ಟ್ಯಾಂಕಿನ ನೀರು ನೋಡಿ. ಅರ್ಧರ್ಧ ನೀರು ಬದಲಿಸುವುದನ್ನು ಬಿಡಿ. ಅದರ ಬದಲು ದಿನಾ ಹತ್ತನೇ ಒಂದು ಭಾಗ ಬದಲಿಸಿ. ಗಾಳಿ ಪಂಪು ಹಗಲು ರಾತ್ರಿ ಓಡಲಿ.

ಯಾಕೆ ಅಂದರೆ, ನಿಮ್ಮ ಟ್ಯಾಂಕಿನ ಹುಳಿಗೂ ಅಮೆಜಾನಿನ ಹುಳಿಗೂ ಸಂಬಂಧವೇ ಇಲ್ಲ. ಬ್ರೆಜಿಲ್‌ನ ರಿಯೊ ನೀಗ್ರೊ ನದಿಯ ನೀರು ನಿಜಕ್ಕೂ ತುಂಬಾ ಹುಳಿ. ಚಹಾದ ಬಣ್ಣದ ಆ ನೀರಿಗೆ ಹುಳಿ ಬರುವುದು ಕಾಡಿನ ಕೊಳೆತ ಎಲೆಗಳಿಂದ. ಅದರಲ್ಲಿ ಲವಣ ಕಡಿಮೆ, ಹೊಲಸೂ ಕಡಿಮೆ. ನಿಮ್ಮ ಟ್ಯಾಂಕ್ ಹುಳಿಯಾದದ್ದು ಮೀನಿನ ಹೊಲಸಿನಿಂದ. ಕಿವಿರಿನಿಂದಲೂ ಮಲದಿಂದಲೂ ಅಮೋನಿಯ ನೀರಿಗೆ ಸೇರುತ್ತದೆ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ಒಂದು ಗ್ರಾಂ ಅಮೋನಿಯ ನೈಟ್ರೋಜನ್ ಹೀಗೆ ಬದಲಾಗಬೇಕಾದರೆ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ನಷ್ಟು ಕ್ಷಾರ ಖರ್ಚಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಬಾವಿಗಳು ಚಿರೆಕಲ್ಲಿನ ನೆಲದವು. ನೀರು ಕುಡಿಯಲು ಎಷ್ಟು ಚೆನ್ನ! ಆದರೆ ಅದರಲ್ಲಿ ಕ್ಷಾರದ ಉಳಿತಾಯ ಬಹಳ ಕಡಿಮೆ. ಸಣ್ಣ ಮೀನುಗಳಿದ್ದರೆ ಇದು ಗೊತ್ತೇ ಆಗುವುದಿಲ್ಲ. ಎರಡಡಿ ಮೀನಿದ್ದರೆ ಆ ಉಳಿತಾಯ ಬೇಗ ಖಾಲಿಯಾಗಿ ಪಿಎಚ್ ಕುಸಿಯುತ್ತದೆ.

ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಫಿಲ್ಟರ್ ಬ್ಯಾಕ್ಟೀರಿಯಾ ಹೆಚ್ಚೂಕಡಿಮೆ ಕೆಲಸ ನಿಲ್ಲಿಸುತ್ತವೆ. ಅಮೋನಿಯ ಸೇರುತ್ತಾ ಹೋಗುತ್ತದೆ. ಹುಳಿ ನೀರಿನಲ್ಲಿ ಅದು ಅಮೋನಿಯಂ ಎಂಬ ಕಡಿಮೆ ಅಪಾಯದ ರೂಪದಲ್ಲಿ ಇರುವುದರಿಂದ ಮೀನು ಹೇಗೋ ತಡೆದುಕೊಂಡಿರುತ್ತದೆ. ನೀವು ಒಮ್ಮೆಲೇ ಅರ್ಧ ನೀರು ಬದಲಿಸಿದಿರಿ ಅಂದುಕೊಳ್ಳಿ. ಪಿಎಚ್ ಒಂದು ಅಂಕೆ ಏರಿದರೆ ವಿಷದ ರೂಪದ ಅಮೋನಿಯ ಸುಮಾರು ಹತ್ತು ಪಟ್ಟಾಗುತ್ತದೆ. ಬಾವಿಯಿಂದ ಆಗಷ್ಟೇ ಎತ್ತಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಗಾಳಿ ತಾಗಿ ಅದು ಹೊರಗೆ ಹೋದ ಹಾಗೆ ಪಿಎಚ್ ಇನ್ನೂ ಏರುತ್ತದೆ. ನೀರು ಬದಲಿಸಿದ ದಿನವೇ ಮೀನು ಒದ್ದಾಡುವುದಕ್ಕೆ ಇದೇ ಕಾರಣ ಎಂದು ನನ್ನ ಅಂದಾಜು. ಕಿಟ್ ಪರೀಕ್ಷೆಯಲ್ಲಿ ಅಮೋನಿಯ ಜಾಸ್ತಿ ಬಂದರೆ ಅದು ಖಾತ್ರಿಯಾಗುತ್ತದೆ.

ಅಮೋನಿಯ ಇಳಿದ ಮೇಲೆ, ಮೊದಲಲ್ಲ, ಬೆಳಚಿನ (ಕಪ್ಪೆಚಿಪ್ಪಿನ ಜಾತಿಯ) ಚಿಪ್ಪು ಹಾಕಿ. ಕುಮಟಾ, ತದಡಿ ಕಡೆಯಿಂದ ಸುಲಭವಾಗಿ ತರಿಸಬಹುದು. ಚೆನ್ನಾಗಿ ತೊಳೆದು, ಒಣಗಿಸಿ, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರ್ ಒಳಗಿಡಿ. ನಿಧಾನವಾಗಿ ಕರಗಿ ಕ್ಷಾರ ಕೊಡುತ್ತದೆ. ಟ್ಯಾಂಕ್ ಒಳಗೆ ಮಾತ್ರ ಹಾಕಬೇಡಿ. ರೆಡ್‌ಟೇಲ್ ಬಾಯಿಗೆ ಹಿಡಿಸುವ ಎಲ್ಲವನ್ನೂ ನುಂಗುತ್ತದೆ. ಕಲ್ಲು, ಚಿಪ್ಪು, ಹೀಟರ್‌ನ ರಬ್ಬರ್ ಹಿಡಿಕೆ ಯಾವುದನ್ನೂ ಬಿಡುವುದಿಲ್ಲ. ಫೋಟೊದಲ್ಲಿ ನಿಮ್ಮ ಹೀಟರ್ ಬರಿಯ ಗಾಜಿನದ್ದು ಕಾಣುತ್ತಿದೆ. ಅದಕ್ಕೊಂದು ಪ್ಲಾಸ್ಟಿಕ್ ಕವಚ ಹಾಕಿ.

ಪೆಲೆಟ್ ಮಾತ್ರ ಹಾಕುತ್ತೇನೆ ಅಂತ ಸ್ವಲ್ಪ ಅಳುಕಿನಿಂದ ಬರೆದಿದ್ದೀರಿ. ಅಳುಕು ಬೇಡ. ಮುಳುಗುವ ಜಾತಿಯ ಒಳ್ಳೆಯ ಪೆಲೆಟ್ ಅತ್ಯುತ್ತಮ ಆಹಾರ. ಕಾರವಾರದ ಕಡೆ ಸಾಕುವವರು ತಾರ್ಲೆ (ಬೂತಾಯಿ) ಮೀನು ಅಗ್ಗಕ್ಕೆ ಸಿಗುತ್ತದೆ ಅಂತ ಅದನ್ನೇ ದಿನಾ ಹಾಕುತ್ತಾರೆ. ಅದರಲ್ಲಿ ಕೊಬ್ಬು ಜಾಸ್ತಿ, ಜತೆಗೆ ಬಿ1 ವಿಟಮಿನ್ ಹಾಳುಮಾಡುವ ಅಂಶವೂ ಇದೆ. ಅಂಥ ಮೀನುಗಳೇ ಹೆಚ್ಚು ಚಿಕಿತ್ಸೆಗೆ ಬರುತ್ತವೆ. ನಿಮ್ಮ ಮೀನು ಚೇತರಿಸಿಕೊಂಡ ಮೇಲೆ ವಾರಕ್ಕೆ ಮೂರು ಸಲ ಹಾಕಿದರೆ ಸಾಕು.

ಈಗ ಊರಿನ ಹೆಸರಿನ ವಿಷಯಕ್ಕೆ ಬರೋಣ.

ರೆಡ್‌ಟೇಲ್ ಕ್ಯಾಟ್‌ಫಿಷ್‌ನ ವೈಜ್ಞಾನಿಕ ಹೆಸರು ಫ್ರಾಕ್ಟೊಸೆಫಾಲಸ್ ಹೆಮಿಯೊಲಿಯೊಪ್ಟೆರಸ್. 1801ರಲ್ಲಿ ಬ್ಲಾಕ್ ಮತ್ತು ಶ್ನೈಡರ್ ಇದನ್ನು ವಿವರಿಸಿದರು. ಅವತ್ತಿಂದ ಇವತ್ತಿನವರೆಗೆ ಈ ಕುಲದಲ್ಲಿ ಬದುಕಿರುವುದು ಇದೊಂದೇ ಜಾತಿ. ಇದರ ಸಂಬಂಧಿಗಳು ಇದ್ದದ್ದು ಪಳೆಯುಳಿಕೆಗಳಲ್ಲಿ ಮಾತ್ರ. ವೆನೆಜುವೆಲಾದ ಉತ್ತರ ಭಾಗದಲ್ಲಿ ಉರುಮಾಕೊ ಎಂಬ ಒಣ ಪ್ರದೇಶವಿದೆ, ಅಲ್ಲೊಂದು ನಶಿಸಿದ ಜಾತಿ ಸಿಕ್ಕಿದೆ. ಈಗ ರೆಡ್‌ಟೇಲ್ ಇರುವುದು ಅಮೆಜಾನ್, ಒರಿನೊಕೊ, ಎಸೆಕಿಬೊ ಈ ಮೂರು ನದಿಗಳ ಜಲಾನಯನದಲ್ಲಿ. ಬ್ರೆಜಿಲ್‌ನಲ್ಲಿ ಪಿರರಾರ ಅನ್ನುತ್ತಾರೆ. ವೆನೆಜುವೆಲಾ ಕಡೆ ಕಹಾರೊ ಅನ್ನುತ್ತಾರೆ. ಹೆಸರು ಬೇರೆ, ಮೀನು ಒಂದೇ.

ಮೂರು ನದಿ ಅಂದ ಮೇಲೆ ಮೂರು ಬಗೆ ಇರಬೇಕಲ್ವಾ ಅಂತ ನೀವು ಕೇಳಬಹುದು. ಕೇಳುವುದು ಸರಿಯೇ. ಆದರೆ ಆ ನದಿಗಳು ನಾವು ನಕಾಶೆಯಲ್ಲಿ ಅಂದುಕೊಂಡಷ್ಟು ಬೇರೆ ಬೇರೆ ಇಲ್ಲ. ಒರಿನೊಕೊದ ಮೇಲ್ಭಾಗದಿಂದ ಕಾಸಿಕಿಯಾರೆ ಎಂಬ ಕವಲು ಹೊರಟು ರಿಯೊ ನೀಗ್ರೊಗೆ ಸೇರುತ್ತದೆ. ಮನುಷ್ಯರು ತೋಡಿದ ಕಾಲುವೆಯಲ್ಲ, ತಾನಾಗಿ ಹರಿಯುವ ನದಿ. 1800ರಲ್ಲಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ದೋಣಿಯಲ್ಲಿ ಅದರ ಮೇಲೆ ಪ್ರಯಾಣ ಮಾಡಿದ್ದ. ಗಯಾನಾದ ರುಪುನುನಿ ಬಯಲು ಮಳೆಗಾಲದಲ್ಲಿ ಮುಳುಗುತ್ತದೆ. ಆಗ ಎಸೆಕಿಬೊ ಕಡೆಯ ನೀರೂ ಅಮೆಜಾನ್ ಕಡೆಯ ನೀರೂ ಒಂದಾಗುತ್ತವೆ. ಮೀನು ದಾಟಲು ದಾರಿ ಇದೆ. ಹಾಗಂತ ಎಲ್ಲ ಕಡೆಯ ರೆಡ್‌ಟೇಲ್‌ಗಳೂ ಅಚ್ಚೊತ್ತಿದ ಹಾಗೆ ಇರುತ್ತವೆ ಅಂತ ನಾನು ಹೇಳುತ್ತಿಲ್ಲ. ಕೆಸರು ನೀರಿನ ಮೀನು ಮಾಸಲಾಗಿ ಕಾಣಬಹುದು. ಕಪ್ಪು ನೀರಿನದ್ದು ಗಾಢವಾಗಿ ಕಾಣಬಹುದು. ತಲೆಯ ಚುಕ್ಕೆಗಳಂತೂ ಒಂದೇ ಕಡೆಯ ಮೀನುಗಳಲ್ಲೂ ಒಂದರ ಹಾಗೆ ಇನ್ನೊಂದಿಲ್ಲ. ಚುಕ್ಕೆ ಎಣಿಸಿ ಊರು ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ.

ಅದಕ್ಕಿಂತ ದೊಡ್ಡ ತೊಡಕು ದೇಶದ ಹೆಸರಿನಲ್ಲೇ ಇದೆ. ಮೀನಿಗೆ ದೇಶ ಗೊತ್ತಿಲ್ಲ, ನದಿ ಗೊತ್ತು. ಕೊಲಂಬಿಯಾದ ಲೆಟಿಸಿಯಾ ಊರು ಅಮೆಜಾನ್ ದಂಡೆಯಲ್ಲಿದೆ. ಅದಕ್ಕೆ ತಾಗಿಕೊಂಡೇ ಬ್ರೆಜಿಲ್‌ನ ತಬಟಿಂಗ. ನದಿಯ ಆಚೆ ಪೆರು. ಒಂದೇ ಹೊಳೆಯಲ್ಲಿ ಹಿಡಿದ ಮೀನು ಯಾವ ದಂಡೆಯಲ್ಲಿ ಪೆಟ್ಟಿಗೆಗೆ ಬಿತ್ತು ಅನ್ನುವುದರ ಮೇಲೆ ಅದು ಕೊಲಂಬಿಯಾದ್ದೋ, ಬ್ರೆಜಿಲ್‌ದ್ದೋ, ಪೆರುವಿನದ್ದೋ ಆಗುತ್ತದೆ. ಅದೇ ಕೊಲಂಬಿಯಾದ ಪೂರ್ವದ ಬಯಲಿನಿಂದ ಬಂದರೆ ಅದು ಒರಿನೊಕೊ ಮೀನು. ಎರಡಕ್ಕೂ ಲೇಬಲ್ ಒಂದೇ. ಶಿರಸಿ ಮಾರುಕಟ್ಟೆಯಲ್ಲಿ ಮಾರಾಟವಾದ ಅಡಿಕೆಯೆಲ್ಲ ಶಿರಸಿ ತೋಟದ್ದೇ ಅಲ್ಲ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇಷ್ಟೆಲ್ಲ ಮಾತು ಕಾಡಿನ ನದಿಯಲ್ಲಿ ಹಿಡಿದ ಮೀನಿಗೆ. ನಮ್ಮಲ್ಲಿ ಅಂಗಡಿಗೆ ಬರುವ ಎರಡು ಮೂರು ಇಂಚಿನ ರೆಡ್‌ಟೇಲ್ ಮರಿಗಳು ಬಹುಪಾಲು ಏಷ್ಯಾದ ಫಾರ್ಮುಗಳಲ್ಲಿ ಹುಟ್ಟಿದವು. ಹಾರ್ಮೋನ್ ಚುಚ್ಚಿ ಮೊಟ್ಟೆ ತೆಗೆದು ಮರಿ ಮಾಡುತ್ತಾರೆ. ಅವು ಕೋಲ್ಕತ್ತ, ಚೆನ್ನೈ ಮೂಲಕ ಹುಬ್ಬಳ್ಳಿಗೂ ಬೆಳಗಾವಿಗೂ ಬರುತ್ತವೆ. ಅವುಗಳ ಅಜ್ಜ ಅಜ್ಜಿ ಯಾವ ನದಿಯವು ಅನ್ನುವುದಕ್ಕೆ ದಾಖಲೆ ಇರುವುದಿಲ್ಲ. ಎಲ್ಲೆಲ್ಲಿಯವೋ ಬೆರೆತಿರುತ್ತವೆ. ಅಂಥ ಮರಿಗೆ ಕೊಲಂಬಿಯಾ ಅಂತ ಹೆಸರಿಟ್ಟು ಮೂರು ಪಟ್ಟು ದುಡ್ಡು ತೆಗೆದುಕೊಳ್ಳುವುದು ನ್ಯಾಯವಲ್ಲ. ನಿಜಕ್ಕೂ ಕಾಡಿನ ಮೀನು ಎಂದು ಮಾರುವವರ ಬಳಿ ಯಾವ ನದಿ, ಯಾರು ರಫ್ತು ಮಾಡಿದ್ದು, ಯಾವ ಆಮದು ಕಾಗದದಲ್ಲಿ ಬಂತು ಅನ್ನುವ ಉತ್ತರ ಇರಬೇಕು. ಇನ್ನು ಮುಂದೆ ಯಾವ ಮೀನೇ ಕೊಳ್ಳಿ, ಇದನ್ನು ಕೇಳಿಯೇ ಕೊಳ್ಳಿ.

ಹಾಗಾದರೆ ನಿಮ್ಮ ಎರಡು ಮೀನು ಅಷ್ಟು ಬೇರೆ ಕಾಣುವುದು ಯಾಕೆ? ಫೋಟೊ ನೋಡಿ ಹೇಳುವುದಾದರೆ, ನಿಮ್ಮ ಎರಡನೇ ಮೀನು ಶುದ್ಧ ರೆಡ್‌ಟೇಲ್ ಅಲ್ಲ. ರೆಡ್‌ಟೇಲ್ ಮತ್ತು ಟೈಗರ್ ಶೊವೆಲ್‌ನೋಸ್ ಎಂಬ ಇನ್ನೊಂದು ಕ್ಯಾಟ್‌ಫಿಷ್‌ನ ಸಂಕರ. ಫಾರ್ಮುಗಳಲ್ಲಿ ಇದನ್ನು ಬೇಕೆಂದೇ ಮಾಡುತ್ತಾರೆ.

ಎರಡೂ ಮೀನನ್ನು ಪಕ್ಕದಿಂದ ನೋಡಿ. ದೊಡ್ಡದರ ತಲೆ ಅಗಲ, ಮೂತಿ ಮೊಂಡು. ತಲೆಯ ಮೇಲೆ ಬೆನ್ನಿನ ರೆಕ್ಕೆಯ ಮುಂದೆ ಒರಟಾದ ಮೂಳೆಯ ಫಲಕ ಕಾಣುತ್ತದೆ. ಬಾಯಿಯಿಂದ ಬಾಲದವರೆಗೆ ಅಗಲವಾದ ಬಿಳಿ-ಹಳದಿ ಪಟ್ಟೆ ಒಂದೇ ಸಮ ಓಡುತ್ತದೆ. ಆ ಪಟ್ಟೆಯ ಮೇಲೆ ಕಲೆ ಇಲ್ಲ. ಬಾಲ ಇಟ್ಟಿಗೆ ಕೆಂಪು. ಬೆನ್ನ ಹಿಂದಿರುವ ಎರಡನೇ ಪುಟ್ಟ ರೆಕ್ಕೆಯ ಅಂಚಲ್ಲಿ ಕಡ್ಡಿಗಳಿವೆ. ಬೇರೆ ಹೆಚ್ಚಿನ ಕ್ಯಾಟ್‌ಫಿಷ್‌ಗಳಲ್ಲಿ ಅದು ಬರೀ ಮಾಂಸದ ಮಡಿಕೆ. ಚಿಕ್ಕದು ಹಾಗಿಲ್ಲ. ಮೂತಿ ಚಪ್ಪಟೆಯಾಗಿ ಮುಂದಕ್ಕೆ ಚಾಚಿದೆ. ಮೈ ಸಪೂರ. ಬಿಳಿ ಪಟ್ಟೆಯ ಮೇಲೂ ಕಪ್ಪು ಚುಕ್ಕೆ ಇಳಿದಿವೆ. ಬಾಲದ ಬಣ್ಣ ತೆಳು. ಇವೆಲ್ಲ ಒಟ್ಟಿಗೆ ಇದ್ದರೆ ಸಂಕರವೇ. ನಿಮಗೆ ಬೇಸರವಾಗುತ್ತದೆ ಅಂತ ಗೊತ್ತು. ಆದರೆ ಮೀನಿನಲ್ಲಿ ಯಾವ ದೋಷವೂ ಇಲ್ಲ, ಹೆಸರು ಮಾತ್ರ ತಪ್ಪು.

ಈ ಶೊವೆಲ್‌ನೋಸ್ ಗುಂಪಿನಲ್ಲಿ ಮಾತ್ರ ಯಾವ ನದಿ ಅನ್ನುವ ಪ್ರಶ್ನೆಗೆ ನಿಜವಾದ ಬೆಲೆ ಇದೆ. ನಿಮಗೆ ಈ ವಿಷಯದಲ್ಲಿ ಆಸಕ್ತಿ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದರ ಕುಲ ಸ್ಯೂಡೊಪ್ಲಾಟಿಸ್ಟೋಮ. ಬಹಳ ಕಾಲ ಇದರಲ್ಲಿ ಮೂರೇ ಜಾತಿ ಅಂತ ಲೆಕ್ಕವಿತ್ತು. 2007ರಲ್ಲಿ ಬ್ವಿಟ್ರಾಗೊ-ಸ್ವಾರೆಸ್ ಮತ್ತು ಬರ್ ಎಂಬ ಇಬ್ಬರು ಸಂಶೋಧಕರು ತಲೆಬುರುಡೆ, ಮೈಮೇಲಿನ ಗೆರೆ, ಬೆನ್ನುಮೂಳೆ ಎಲ್ಲ ಹೋಲಿಸಿ ಎಂಟು ಜಾತಿ ಅಂದರು. ಆ ಎಂಟು ಬಹುಮಟ್ಟಿಗೆ ನದಿಗಳ ಪ್ರಕಾರವೇ ಬೇರೆಯಾಗುತ್ತವೆ. ಒರಿನೊಕೊಗೆ ಎರಡು. ಮಗ್ದಲೇನಾ ನದಿಗೆ ಅದರದ್ದೇ ಒಂದು, ಯಾಕೆಂದರೆ ಆ ನದಿಗೂ ಅಮೆಜಾನಿಗೂ ನಡುವೆ ಆಂಡಿಸ್ ಪರ್ವತ ಅಡ್ಡ ನಿಂತಿದೆ. ಪರಾನಾ ಮತ್ತು ಸಾಂ ಫ್ರಾನ್ಸಿಸ್ಕೊ ನದಿಗಳಲ್ಲಿ ಮೈತುಂಬ ದುಂಡು ಚುಕ್ಕೆಯ ಕೊರುಸ್ಕಾನ್ಸ್. ಬಲೆಯ ಹಾಗೆ ಗೆರೆ ಹೆಣೆದುಕೊಂಡಿರುವುದು ರೆಟಿಕ್ಯುಲೇಟಮ್. ಅಂಗಡಿಗಳಲ್ಲಿ ಎಲ್ಲಕ್ಕೂ ಫಾಸಿಯೇಟಮ್ ಅಂತಲೇ ಹೆಸರು ಹಾಕುತ್ತಾರೆ. ಈ ಪರಿಷ್ಕರಣೆಯ ಪ್ರಕಾರ ನಿಜವಾದ ಫಾಸಿಯೇಟಮ್ ಗಯಾನಾ ಕಡೆಯ ನದಿಗಳದ್ದು ಮಾತ್ರ. ನಂತರ ನಡೆದ ಡಿಎನ್ಎ ಅಧ್ಯಯನಗಳು ಈ ಎಂಟರಲ್ಲಿ ಕೆಲವನ್ನು ಮತ್ತೆ ಒಂದುಗೂಡಿಸಬೇಕು ಅನ್ನುತ್ತವೆ. ಹಾಗಾಗಿ ಚರ್ಚೆ ಮುಗಿದಿಲ್ಲ. ಆದರೆ ಇಲ್ಲಿ ಚರ್ಚಿಸಲು ಏನೋ ಇದೆ ಅನ್ನುವುದಂತೂ ಖಂಡಿತ.

ಇದಕ್ಕೆ ತೀರಾ ವಿರುದ್ಧದ ಉದಾಹರಣೆ ಡೌರಾಡ ಎಂಬ ಬಂಗಾರದ ಮೈಯ ದೊಡ್ಡ ಕ್ಯಾಟ್‌ಫಿಷ್. ಅದು ಆಂಡಿಸ್ ತಪ್ಪಲಿನಲ್ಲಿ ಹುಟ್ಟುತ್ತದೆ. ಮರಿ ಪ್ರವಾಹದ ಜತೆ ತೇಲಿ ಬ್ರೆಜಿಲ್‌ನ ಬೆಲೆಂ ಹತ್ತಿರದ ಅಳಿವೆಗೆ ಹೋಗುತ್ತದೆ. ಬೆಳೆದ ಮೇಲೆ ಮೊಟ್ಟೆಯಿಡಲು ಮತ್ತೆ ಮೇಲಕ್ಕೆ ಬರುತ್ತದೆ. ಹೋಗಿ ಬರುವ ದಾರಿ 11,000 ಕಿಲೊಮೀಟರ್‌ಗೂ ಜಾಸ್ತಿ. ಸಿಹಿನೀರಿನ ಮೀನುಗಳಲ್ಲಿ ಇಷ್ಟು ದೂರ ವಲಸೆ ಹೋಗುವುದು ಬೇರೆ ಗೊತ್ತಿಲ್ಲ. ಅದೇ ಒಂದು ಮೀನು ಎಳೆಯದಾಗಿದ್ದಾಗ ಬಲೆಗೆ ಬಿದ್ದರೆ ಬ್ರೆಜಿಲ್‌ದ್ದು, ಬೆಳೆದ ಮೇಲೆ ಬಿದ್ದರೆ ಪೆರುವಿನದ್ದು! ನನಗೆ ಈ ಮೀನಿನ ವಿಷಯ ಹೇಳಲು ಯಾವಾಗಲೂ ಇಷ್ಟ.

ಇನ್ನು ‘ಎರಡೂವರೆ ಅಡಿ ದಾಟುವುದಿಲ್ಲ’ ಅನ್ನುವ ಮಾತು. ಇದು ಸುಳ್ಳು, ಅಪಾಯದ ಸುಳ್ಳು. ಚಿಕ್ಕದಾಗಿಯೇ ಉಳಿಯುವ ರೆಡ್‌ಟೇಲ್ ಯಾವ ನದಿಯಲ್ಲೂ ಇಲ್ಲ. ಸಾಕಿದ ರೆಡ್‌ಟೇಲ್ ಮೂರರಿಂದ ನಾಲ್ಕಡಿ ಆಗುತ್ತದೆ. ನದಿಯಲ್ಲಿ ಅದಕ್ಕೂ ದೊಡ್ಡದಾಗುತ್ತದೆ. 2010ರಲ್ಲಿ ಬ್ರೆಜಿಲ್‌ನಲ್ಲಿ ಗಾಳಕ್ಕೆ ಬಿದ್ದು ದಾಖಲೆಯಾದದ್ದು 56 ಕಿಲೊ ತೂಗಿತ್ತು. ನಿಮ್ಮ ಸಂಕರವೂ ಮೂರಡಿಯ ಮೀನೇ. ಎರಡೂ ಹದಿನೈದು ವರ್ಷ ಮೇಲ್ಪಟ್ಟು ಬದುಕಬಲ್ಲವು. ‘ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತದೆ’ ಅನ್ನುವುದನ್ನೂ ಕೇಳಿರುತ್ತೀರಿ. ಹೊಲಸು ನೀರಲ್ಲಿ ಇಕ್ಕಟ್ಟಿನಲ್ಲಿ ಇಟ್ಟರೆ ಬೆಳವಣಿಗೆ ಕುಂಠಿತವಾಗುವುದು ನಿಜ. ಅದು ಹೊಂದಾಣಿಕೆಯಲ್ಲ, ಕಾಯಿಲೆ. ಬೆನ್ನು ಡೊಂಕಾಗುತ್ತದೆ, ಮೂತಿ ಗಾಜಿಗೆ ಉಜ್ಜಿ ಗಾಯವಾಗುತ್ತದೆ, ಆಯಸ್ಸು ಕಡಿಮೆಯಾಗುತ್ತದೆ.

ನಿಮ್ಮ ಟ್ಯಾಂಕ್ ಅಗಲ ಎರಡಡಿ. ಮೀನು ಎರಡಡಿಗೆ ಸ್ವಲ್ಪ ಕಡಿಮೆ. ಅಂದರೆ ಅದು ತಿರುಗಬೇಕಾದರೆ ಮೈ ಬಗ್ಗಿಸಿಯೇ ತಿರುಗಬೇಕು. ಮೂರನೇ ಫೋಟೊದಲ್ಲಿ ಅದರ ಬಾಲದ ಕೆಳ ಅಂಚು ಸವೆದಿರುವುದು ಕಾಣುತ್ತದೆ. ಗಾಜಿಗೆ ತಾಗಿ ತಾಗಿ ಆಗಿರುವುದು. ನೀರು ಎಲ್ಲ ಸೇರಿ ಸುಮಾರು 680 ಲೀಟರ್. ಇಬ್ಬರಿಗೂ ಇದು ಸಾಲದು. ಇನ್ನೊಂದು ವಿಷಯ, ದೊಡ್ಡದು ಚಿಕ್ಕದನ್ನು ನುಂಗಲು ನೋಡಬಹುದು. ಅರ್ಧ ನುಂಗಿ ಮುಳ್ಳು ಸಿಕ್ಕಿ ಎರಡೂ ಸಾಯುವುದುಂಟು. ಸಾಧ್ಯವಾದರೆ ಈಗಲೇ ಬೇರೆ ಮಾಡಿ. ಹಿಡಿಯುವಾಗ ಬಲೆ ಬೇಡ. ಎದೆ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸಲಾಗುವುದಿಲ್ಲ. ಒದ್ದೆ ಮಾಡಿದ ದಪ್ಪ ಟಾರ್ಪಾಲಿನಲ್ಲಿ ನೀರಿನ ಸಮೇತ ಇಬ್ಬರು ಸೇರಿ ಎತ್ತಿ.

ತೋಟದ ಹೊಂಡ ಬೇಡ. ಅಪ್ಪಯ್ಯನವರ ಮಾತಿನಲ್ಲಿ ಮೀನಿನ ಮೇಲೆ ಕನಿಕರ ಇದೆ, ಜಾಗ ಸಿಗಲಿ ಅಂತ ಹೇಳುತ್ತಿದ್ದಾರೆ. ಆದರೆ ನಿಮ್ಮದು ಅಡಿಕೆ ತೋಟ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ಹೊಡೆಯುತ್ತೀರಲ್ಲ, ಅದರಲ್ಲಿರುವುದು ಮೈಲುತುತ್ತ. ಅಂದರೆ ತಾಮ್ರ. ನಿಮ್ಮ ಕಡೆಯಂಥ ಮೆದು ನೀರಿನಲ್ಲಿ ತಾಮ್ರ ಮೀನಿಗೆ ಬಹಳ ವಿಷ, ಹುರುಪೆ ಇಲ್ಲದ ಕ್ಯಾಟ್‌ಫಿಷ್‌ಗಂತೂ ಇನ್ನೂ ಕಷ್ಟ. ಮರದಿಂದ ತೊಳೆದು ಬಂದ ನೀರು ಹೊಂಡ ಸೇರಿದರೆ ಮೀನು ಉಳಿಯುವುದು ಅನುಮಾನ. ಡಿಸೆಂಬರ್, ಜನವರಿಯ ಚಳಿಯಲ್ಲಿ ಘಟ್ಟದ ಮೇಲೆ ತೆರೆದ ನೀರು ಈ ಮೀನಿಗೆ ತೀರಾ ತಣ್ಣಗಾಗುತ್ತದೆ. ಅದಕ್ಕೆ ಬೇಕಾದದ್ದು 22ರಿಂದ 28 ಡಿಗ್ರಿ. ಇಷ್ಟೆಲ್ಲ ದಾಟಿ ಬದುಕಿತು ಅಂದುಕೊಂಡರೂ, ಆಷಾಢದ ಮಳೆಗೆ ಹೊಂಡ ತುಂಬಿ ಕೋಡಿ ಬಿದ್ದರೆ ಮೀನು ಹಳ್ಳದಲ್ಲಿ.

ಕೇರಳದಲ್ಲಿ ಇದೇ ಆಯಿತು. 2018ರ ನೆರೆ ಇಳಿದ ಮೇಲೆ ಅಲ್ಲಿನ ನದಿಗಳಲ್ಲಿ ಅರಾಪೈಮ, ಅಲಿಗೇಟರ್ ಗಾರ್ ಎಂಬ ಹೊರದೇಶದ ದೊಡ್ಡ ಮೀನುಗಳು ಬಲೆಗೆ ಬಿದ್ದವು. ಎಲ್ಲ ಯಾರೋ ಸಾಕಿದ್ದವು. ನಮ್ಮ ಜಿಲ್ಲೆಯೂ 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ನೆರೆ ಕಂಡಿದೆ.

ಶಾಲ್ಮಲೆಗೆ ಬಿಡುವುದಂತೂ ಯಾವ ಕಾರಣಕ್ಕೂ ಕೂಡದು. ಆ ನೀರು ಬೇಡ್ತಿಗೆ ಸೇರಿ ಗಂಗಾವಳಿಯಾಗಿ ಸಮುದ್ರಕ್ಕೆ ಹೋಗುತ್ತದೆ. ಘಟ್ಟದ ಈ ಹೊಳೆಗಳಲ್ಲಿರುವ ಎಷ್ಟೋ ಮೀನುಗಳು ಲೋಕದಲ್ಲಿ ಬೇರೆಲ್ಲೂ ಇಲ್ಲ. ಒಂದೇ ರೆಡ್‌ಟೇಲ್ ಅಲ್ಲಿ ಮರಿ ಹಾಕಲಾರದು, ಅದನ್ನು ಒಪ್ಪುತ್ತೇನೆ. ಆದರೆ ಬದುಕಿದಷ್ಟು ದಿನ ತಿನ್ನುತ್ತದೆ. ಟ್ಯಾಂಕಿನ ಹುಳ, ರೋಗಗಳನ್ನು ಹೊಳೆಗೆ ಹಂಚುತ್ತದೆ. ಬಿಡುವವರು ನೀವೊಬ್ಬರೇ ಅಲ್ಲ ಅನ್ನುವುದೂ ನೆನಪಿರಲಿ. ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆಯನ್ನು ಕೇಂದ್ರ ಸರಕಾರ 2000ದಲ್ಲೇ ನಿಷೇಧಿಸಿತು. ಆದರೂ ಅದು ಇವತ್ತು ನಮ್ಮ ಕೆರೆ ನದಿಗಳಲ್ಲಿ ಇದೆ. ಒಮ್ಮೆ ಹೋದದ್ದನ್ನು ವಾಪಸ್ ಹಿಡಿಯಲಾಗಲಿಲ್ಲ.

ಹಾಗಾದರೆ ದಾರಿ ಏನು? ಜಾಗ, ದುಡ್ಡು, ಹದಿನೈದು ವರ್ಷದ ತಾಳ್ಮೆ ಮೂರೂ ಇದ್ದರೆ ನೀವೇ ಸಾಕಿ. ಶೆಡ್ ಒಳಗೆ ಸಿಮೆಂಟ್ ತೊಟ್ಟಿ ಕಟ್ಟಿಸಿ. ಇಪ್ಪತ್ತಡಿ ಉದ್ದ, ಹತ್ತಡಿ ಅಗಲ, ನಾಲ್ಕಡಿ ಆಳ. ಇದಕ್ಕಿಂತ ಕಡಿಮೆ ಮಾಡಿದರೆ ಕೆಲವು ವರ್ಷಕ್ಕೆ ಮತ್ತೆ ಇದೇ ಪತ್ರ ಬರೆಯುತ್ತೀರಿ. ಸುಮಾರು 22,000 ಲೀಟರ್ ನೀರು ಹಿಡಿಯುತ್ತದೆ. ಹೊಸ ಸಿಮೆಂಟಿನ ಸುಣ್ಣ ಬಿಡಲು ಹಲವು ಸಲ ನೀರು ತುಂಬಿ ಖಾಲಿ ಮಾಡಬೇಕು. ಹೊರಹೋಗುವ ಕೊಳವೆಗೆ ಜಾಲರಿ, ತೊಟ್ಟಿಯ ಮೇಲೆ ಬಲೆ ಬೇಕು. ಮಳೆಗಾಲದಲ್ಲಿ ನಿಮ್ಮಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ಹಾಗಾಗಿ ಗಾಳಿ ಪಂಪಿಗೆ ಬ್ಯಾಟರಿ ಇರಲೇಬೇಕು. ಚಳಿಗಾಲದಲ್ಲಿ ಅಷ್ಟು ನೀರು ಬಿಸಿ ಮಾಡುವ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ಬಹಳ ಜನ ತೊಟ್ಟಿ ಕಟ್ಟಿಸುತ್ತಾರೆ, ಬಿಸಿ ಮಾಡುವುದನ್ನು ಮರೆಯುತ್ತಾರೆ.

ಅದು ಆಗದಿದ್ದರೆ ದೊಡ್ಡ ತೊಟ್ಟಿ ಇರುವ ಬೇರೆಯವರಿಗೆ ಕೊಡಿ. ಇದು ಸುಲಭವಲ್ಲ ಅಂತ ಮೊದಲೇ ಹೇಳುತ್ತೇನೆ. ಸಾರ್ವಜನಿಕ ಅಕ್ವೇರಿಯಂಗಳಿಗೆ ಇಂಥ ಕೋರಿಕೆ ಬಹಳ ಬರುತ್ತವೆ, ಹೆಚ್ಚಿನವು ಒಪ್ಪುವುದಿಲ್ಲ. ಆದರೂ ಕೇಳಿ. ಕೊಡುವ ಮೊದಲು ಅವರ ತೊಟ್ಟಿಯನ್ನು ನೀವೇ ಹೋಗಿ ನೋಡಿ. ಅಂಗಡಿಗೆ ವಾಪಸ್ ಕೊಟ್ಟರೆ ಅದು ಇನ್ನೊಂದು ಆರಡಿ ಟ್ಯಾಂಕಿಗೆ ಹೋಗುತ್ತದೆ, ಅಷ್ಟೇ. ಚಿಕ್ಕದಕ್ಕೆ ಜಾಗ ಸಿಗುವ ಸಾಧ್ಯತೆ ಜಾಸ್ತಿ. ಅದರ ಹುಡುಕಾಟ ಮೊದಲು ಶುರುಮಾಡಿ.

ಎರಡೂ ಆಗದೆ ಮೀನಿನ ಸ್ಥಿತಿ ಕೆಡುತ್ತಾ ಹೋದರೆ, ಪಶುವೈದ್ಯರ ಕೈಯಲ್ಲಿ ಪ್ರಜ್ಞೆ ತಪ್ಪಿಸುವ ಔಷಧಿ ಕೊಡಿಸಿ ನೋವಿಲ್ಲದೆ ಮುಗಿಸುವುದೂ ಒಂದು ದಾರಿ. ಮೀನು ಸಾಕುವವರು ಇದನ್ನು ಬಾಯಿಬಿಟ್ಟು ಮಾತಾಡುವುದಿಲ್ಲ. ಡೊಂಕು ಬೆನ್ನು ಹೊತ್ತು ಗಾಜಿನ ಮೂಲೆಯಲ್ಲಿ ವರ್ಷಗಟ್ಟಲೆ ಕೊಳೆಯುವುದಕ್ಕಿಂತ ಅದು ಎಷ್ಟೋ ಒಳ್ಳೆಯದು ಅಂತ ನಾನು ನಂಬುತ್ತೇನೆ. ನಿಮ್ಮ ಮೀನು ಆ ಹಂತದಲ್ಲಿ ಇಲ್ಲ. ನೀರು ಸರಿಯಾದರೆ ಒಂದೆರಡು ವಾರದಲ್ಲಿ ಮತ್ತೆ ತಿನ್ನಲು ಶುರುಮಾಡಬೇಕು. ಮಾಡದಿದ್ದರೆ ಕಿವಿರಿನ ಹತ್ತಿರದ ಫೋಟೊ, ಅಮೋನಿಯ, ನೈಟ್ರೈಟ್, ಪಿಎಚ್ ಅಂಕೆ ಮೂರನ್ನೂ ಬರೆದು ಕಳಿಸಿ. ಅಂದಾಜಿನ ಮೇಲೆ ಔಷಧಿ ಹಾಕಬೇಡಿ. ಬಣ್ಣದ ಔಷಧಿಗಳು, ತಾಮ್ರದ ಔಷಧಿಗಳು ಈ ಜಾತಿಗೆ ಬೇಗ ಅತಿಯಾಗುತ್ತವೆ.

ನದಿ ನದಿಗೆ ಮೀನು ಹೇಗೆ ಬದಲಾಗುತ್ತದೆ ಅನ್ನುವ ನಿಮ್ಮ ಕುತೂಹಲ ನನಗೆ ಹಿಡಿಸಿತು. ಅದನ್ನು ಬಿಡಬೇಡಿ. ದಕ್ಷಿಣ ಅಮೆರಿಕದ ಕೊರಿಡೊರಾಸ್ ಎಂಬ ಪುಟ್ಟ ಕ್ಯಾಟ್‌ಫಿಷ್‌ಗಳಿವೆ. ಎರಡು ಮೂರು ಇಂಚಷ್ಟೇ. ಅವುಗಳಲ್ಲಿ ನದಿಗೊಂದು ಬಗೆ ಅನ್ನುವಷ್ಟು ವೈವಿಧ್ಯ ಇದೆ. ನಿಮ್ಮ ಬಾವಿಯ ಮೆದು ನೀರು ಅವಕ್ಕೆ ಚೆನ್ನಾಗಿ ಒಗ್ಗುತ್ತದೆ. ಈಗಿರುವ ಆರಡಿ ಟ್ಯಾಂಕ್ ಅವುಗಳ ದೊಡ್ಡ ಗುಂಪಿಗೇ ಸಾಕು.

ಕೊನೆಯ ಪ್ರಶ್ನೆಗೆ ಉತ್ತರ, ಧಾರಾಳವಾಗಿ ಹಾಕಬಹುದು. ನೈಟ್ರೇಟ್ ಇರುವ ನೀರು ಅಡಿಕೆಗೂ ಬಾಳೆಗೂ ಒಳ್ಳೆಯ ಗೊಬ್ಬರವೇ. ದಿನಾ ತೆಗೆಯುವ ಅರವತ್ತೆಪ್ಪತ್ತು ಲೀಟರ್ ಒಂದೇ ಬುಡಕ್ಕೆ ಸುರಿಯದೆ ಸುತ್ತಿ ಸುತ್ತಿ ಹಾಕಿ. ಟ್ಯಾಂಕಿಗೆ ಉಪ್ಪು ಅಥವಾ ಔಷಧಿ ಹಾಕಿದ ದಿನಗಳ ನೀರನ್ನು ತೋಟಕ್ಕೆ ಬಿಡಬೇಡಿ. ಯಾವ ನೀರನ್ನೂ ನೇರ ಹಳ್ಳಕ್ಕೆ ಹರಿಸಬೇಡಿ.